ಎಳೆದು ನೋಡುವುದು

"ನೀವು ದಿನಾ ಲಾಕ್ ಮಾಡ್ತೀರಿ, ಆಮೇಲೆ ವಾಪಸ್ ಬಂದು ಓಪನ್ ಮಾಡಿ ಹೋಗ್ತೀರಿ," ಎಂದು ಹೆಂಡತಿ ಅಂದಾಗ ಅವನು ಬಲಗಾಲಿನ ಶೂಗೆ ಲೇಸು ಕಟ್ಟುತ್ತಿದ್ದ. ಗಂಟೆ ಏಳೂವರೆ. ಅವಳು ಆಸ್ಪತ್ರೆಯ ಲ್ಯಾಬಿಗೆ ಹೊರಡುವ ಅವಸರದಲ್ಲಿದ್ದಳು. ನಿನ್ನೆ ಕಾರಿನ ಹಿಂದಿನ ಸೀಟಿನಲ್ಲಿ ಮರೆತಿದ್ದ ಛತ್ರಿಯನ್ನು ಆಗಷ್ಟೇ ಹೋಗಿ ತಂದಿದ್ದಳು. ಕಾರು ಗೇಟಿನಾಚೆ ರಸ್ತೆಯ ಬದಿಗೆ ಇತ್ತು. ಕೀಲಿ ಅವನ ಪ್ಯಾಂಟಿನ ಜೇಬಿನಲ್ಲಿತ್ತು. ಏಳು ಗಂಟೆಗೆ ಅವನೇ ಹೋಗಿ ಗಾಜು ಒರೆಸಿ, ಬೀಗ ಹಾಕಿ, ಎಳೆದು ನೋಡಿ ಬಂದಿದ್ದ. ಹಾಗಿರುವಾಗ ಇವಳು ಛತ್ರಿ ತಂದದ್ದು ಹೇಗೆ ಎಂದು ಕೇಳಿದ, ಅಷ್ಟೆ. ಜಗಳಕ್ಕೆ ಕೇಳಿದ್ದಲ್ಲ.

"ನಾನು ಎಳೆದು ನೋಡಿ ಬಂದಿದೀನಿ," ಅಂದ.

"ಅದನ್ನೇ ನಾನೂ ಹೇಳ್ತಿರೋದು. ಎಳೀತೀರಲ್ಲ, ಅದಕ್ಕೇ ಓಪನ್ ಆಗುತ್ತೆ. ಕೀ ಜೇಬಲ್ಲಿಟ್ಕೊಂಡು ಹ್ಯಾಂಡಲ್ ಮುಟ್ಟಿದ್ರೆ ಓಪನ್ ಆಗ್ಲಿ ಅಂತಾನೇ ತಾನೆ ಅದನ್ನ ಮಾಡಿರೋದು?"

"ಓಪನ್ ಆದ್ರೆ ಬಾಗಿಲು ಬರಬೇಕಿತ್ತಲ್ಲ. ಬರಲಿಲ್ಲ. ಗಟ್ಟಿ ಇತ್ತು."

"ನೀವು ಜಗ್ಗೋ ಜೋರಿಗೆ ಅದು ಹೇಗೆ ಬರುತ್ತೆ? ಅದಕ್ಕೂ ಒಂದು ಕ್ಷಣ ಬೇಡ್ವಾ? ನೀವು ಜಗ್ಗಿ ಬಿಟ್ಟ ಮೇಲೆ ಒಳಗಡೆ ಟಕ್ ಅನ್ನುತ್ತೆ. ಎರಡನೇ ಸಲ ಎಳೆದ್ರೆ ಸಲೀಸಾಗಿ ಬರುತ್ತೆ. ನೀವು ಎರಡನೇ ಸಲ ಎಳೆಯೋ ಪೈಕಿ ಅಲ್ಲವಲ್ಲ."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದ. ಹೇಳಿದರೆ ಕೇಳುವವರಾ ನೀವು ಎಂದು ಅವಳು ಟಿಫಿನ್ ಡಬ್ಬಿಯನ್ನು ಚೀಲಕ್ಕೆ ತುರುಕಿದಳು. ಕಾರು ಬಂದು ಎಂಟು ತಿಂಗಳು. ಎಂಟು ತಿಂಗಳಿಂದಲೂ ಅವಳು ಮಲಗುವ ಮೊದಲು ಟಿವಿಯ ಪಕ್ಕದಲ್ಲಿದ್ದ ಅವನ ಕೀಲಿ ತೆಗೆದುಕೊಂಡು, ಕಿಟಕಿಯಲ್ಲಿ ನಿಂತು ಗುಂಡಿ ಒತ್ತಿ ಬೀಗ ಹಾಕುತ್ತಿದ್ದಳಂತೆ. ಗ್ಯಾಸ್ ಬಂದ್ ಮಾಡುವಂತೆ, ನಲ್ಲಿ ತಿರುಗಿಸುವಂತೆ, ಅದೂ ಒಂದು ಕೆಲಸ. ಅವನು ಕಟ್ಟಿದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದ. ಅವಳು ಗೇಟಿನ ತನಕ ಹೋದವಳು ಅಗುಳಿಯ ಮೇಲೆ ಕೈಯಿಟ್ಟು ನಿಂತಳು. ಹಿಂದೆ ತಿರುಗಿದಾಗ ಮುಖ ಬೇರೆಯಾಗಿತ್ತು.

"ಇವತ್ತೇ ಅಲ್ವಾ ಮುದ್ರೆಯಣ್ಣನ ವಿಚಾರಣೆ?"

"ಮೂರು ಗಂಟೆಗೆ."

ಅವಳು ಅಗುಳಿ ತೆಗೆದಳು. ಬಸ್ಸಿಗೆ ಹೊತ್ತಾಗಿತ್ತು, ಹೋದಳು.

ಎಳೆದು ನೋಡುವುದು ಅವನ ಮನೆತನದ ರೋಗ. ಅಮ್ಮ ಮನೆಗೆ ಬೀಗ ಹಾಕಿದ ಮೇಲೆ ಆ ಬೀಗಕ್ಕೆ ಮಗುವಿನಂತೆ ಜೋತುಬೀಳುತ್ತಿದ್ದಳು. ಅಷ್ಟಾದರೂ ಬಸ್ ಸ್ಟಾಪಿನ ಅರ್ಧ ದಾರಿಯಲ್ಲಿ ಅವಳ ಹೆಜ್ಜೆ ನಿಧಾನವಾಗುತ್ತಿತ್ತು, ಮತ್ತು ಅವನಿಗೆ ಗೊತ್ತಾಗುತ್ತಿತ್ತು, ಈಗ ತನ್ನನ್ನು ಓಡಿಸುತ್ತಾಳೆ ಎಂದು. ಅವನು ಓಡಿ ಹೋಗಿ ಎಳೆದು, ಓಡಿ ಬಂದು, ಏದುಸಿರು ಬಿಡುತ್ತ "ಹಾಕಿದೆ" ಅನ್ನಬೇಕು. "ಎಷ್ಟು ಸಲ ಎಳೆದೆ?" ಎಂದು ಅಮ್ಮ ಕೇಳುತ್ತಿದ್ದಳು. "ಒಂದೇ ಸಲ." ಅದು ಸರಿಯುತ್ತರ. ಎಳೆದರೆ ಒಂದೇ ಸಲ, ಗಟ್ಟಿಯಾಗಿ ಎಳೆಯಬೇಕು, ಮತ್ತೆ ಮತ್ತೆ ಎಳೆಯುವವನು ಕಳ್ಳ ಎಂಬುದು ಅವಳ ಕಾನೂನು. ಅಂಥ ತಾಯಿಯ ಮಗ ಅಳತೆ ಮತ್ತು ತೂಕದ ಇನ್ಸ್‌ಪೆಕ್ಟರ್ ಆದದ್ದರಲ್ಲಿ ಆಶ್ಚರ್ಯವೇನಿಲ್ಲ. ಇಪ್ಪತ್ತಾರು ವರ್ಷಗಳಿಂದ ಅವನು ಊರಿನ ತಕ್ಕಡಿಗಳನ್ನು ನಂಬದೆ ಸಂಬಳ ತೆಗೆದುಕೊಂಡಿದ್ದಾನೆ. ಅಂಗಡಿಯವನು ಎಷ್ಟೇ ಸಭ್ಯನಾಗಿರಲಿ, ತಕ್ಕಡಿ ಎಷ್ಟೇ ಹೊಳೆಯುತ್ತಿರಲಿ, ತನ್ನ ಪೆಟ್ಟಿಗೆಯ ತೂಕದ ಬಟ್ಟನ್ನು ಅದರ ಮೇಲಿಟ್ಟು ಮುಳ್ಳು ನಿಲ್ಲುವ ತನಕ ಅವನು ಒಂದು ಮಾತೂ ಆಡುವುದಿಲ್ಲ. ಈಗ ಮುಳ್ಳು ಎಲ್ಲಿದೆ, ಅಂಕಿಗಳು ಬಂದಿವೆ. ಅಂಕಿಗಳು ನಿಲ್ಲುವ ತನಕ ಕಾಯುತ್ತಾನೆ.

ಹೊಸ ಕಾರು ಕೊಂಡ ದಿನ ಶೋರೂಮಿನವನು ಕೀಲಿಯನ್ನು ಅಂಗೈಯಲ್ಲಿಟ್ಟು, "ಸಾರ್, ಇನ್ಮೇಲೆ ಇದೊಂದು ಇದೆ ಅನ್ನೋದನ್ನೇ ಮರೆತುಬಿಡಿ," ಅಂದಿದ್ದ. ಮರೆಯಬೇಕಾದ ವಸ್ತುವನ್ನು ಯಾರಾದರೂ ಇಷ್ಟು ಮುಚ್ಚಟೆಯಿಂದ ಕೊಡುತ್ತಾರೆಯೇ ಎಂದು ಅವನಿಗೆ ಅನಿಸಿತ್ತು. ಕೀಲಿಗೆ ಹಲ್ಲಿಲ್ಲ, ಕಾರಿಗೆ ತೂತಿಲ್ಲ. ಹತ್ತಿರ ಹೋಗಿ ಹಿಡಿ ಮುಟ್ಟಿದರೆ ತೆರೆಯುತ್ತದೆ, ಗುಂಡಿ ಒತ್ತಿದರೆ ಎಂಜಿನ್ ಏಳುತ್ತದೆ. ಅನುಕೂಲ ಇಲ್ಲವೆಂದು ಹೇಳಲಾರ. ಎರಡು ಕೈಯಲ್ಲೂ ಬಟ್ಟಿನ ಪೆಟ್ಟಿಗೆ ಹಿಡಿದವನಿಗೆ ಜೇಬು ತಡಕುವ ಗೋಜಿಲ್ಲ. ಆದರೆ ಒಂದು ತಿಂಗಳಲ್ಲಿ ಮೂರು ಅವಮಾನ. ಮೊದಲನೆಯದು, ಎಂಜಿನ್ನಿನ ಸದ್ದೇ ಕೇಳದೆ, ಅದನ್ನು ನಿಲ್ಲಿಸದೆಯೇ ಇಳಿದು ಕ್ಷೌರದಂಗಡಿಗೆ ಹೋಗಿ ತಲೆ ಬೋಳಿಸಿಕೊಂಡಂತೆ ಕತ್ತರಿಸಿಕೊಂಡು ಬಂದಾಗ ಕಾರು ಒಳಗೆಲ್ಲ ತಣ್ಣಗೆ ಮಾಡಿಕೊಂಡು ಕಾಯುತ್ತಿತ್ತು, ಪಕ್ಕದ ಪಾನ್ ಅಂಗಡಿಯವರೆಲ್ಲ ನಗುತ್ತಿದ್ದರು. ಎರಡನೆಯದು, ಬಾಗಿಲು ತೆಗೆಯಲೆಂದು ಹಿಡಿ ಮುಟ್ಟಿ, ಇಪ್ಪತ್ತು ಕಿಲೋದ ಕಬ್ಬಿಣದ ಬಟ್ಟನ್ನು ಎತ್ತಿಕೊಳ್ಳಲು ಹೋಗಿ ಬರುವಷ್ಟರಲ್ಲಿ ಅದು ತಾನಾಗಿಯೇ ಮತ್ತೆ ಬೀಗ ಹಾಕಿಕೊಂಡಿತ್ತು. ಅರ್ಧ ನಿಮಿಷ ಯಾರೂ ಒಳಗೆ ಬರದಿದ್ದರೆ ಹಾಗೆ ಮಾಡುವುದು ಅದರ ಜಾಣತನವಂತೆ. ಬಟ್ಟನ್ನು ತಬ್ಬಿಕೊಂಡು ಬಿಸಿಲಲ್ಲಿ ನಿಂತ ಅವನು ಸೀದಾ ಶೋರೂಮಿಗೆ ಹೋಗಿ ಆ ಜಾಣತನವನ್ನು ಬಂದ್ ಮಾಡಿಸಿದ. ಮೂರನೆಯದು, ಬೀಗ ಬಿದ್ದಾಗ, ತೆರೆದಾಗ ಅದು ಮಾಡುವ ಬೀಪ್ ಸದ್ದು. ಪಕ್ಕದ ಮನೆಯ ಕೂಸು ಏಳುತ್ತದೆಂದು ಆ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ಬೈದ ಮೇಲೆ ಅದನ್ನೂ ನಿಲ್ಲಿಸಿದ. ಹೀಗೆ ತನ್ನ ತಪ್ಪನ್ನು ತನಗೆ ಹೇಳಬಹುದಾಗಿದ್ದ ಬಾಯಿಗಳನ್ನೆಲ್ಲ ಅವನೇ ಒಂದೊಂದಾಗಿ ಮುಚ್ಚಿಸಿದ್ದ. ಉಳಿದದ್ದು ಕಿಟಕಿಯಲ್ಲಿ ನಿಲ್ಲುವ ಹೆಂಡತಿ.

ಕಚೇರಿಗೆ ಹೋಗುವ ದಾರಿಯಲ್ಲಿ ಸಿಗ್ನಲ್ಲಿಗೆ ನಿಂತಾಗ ಅವನು ಲೆಕ್ಕ ಹಾಕಿದ. ಹತ್ತೊಂಬತ್ತು ದಿನದ ಹಿಂದೆ, ಆ ಗೋದಾಮಿನ ಅಂಗಳದಲ್ಲಿ. ಲಾರಿಗಳನ್ನು ತೂಗುವ ಕಟ್ಟೆಯ ವಾರ್ಷಿಕ ತಪಾಸಣೆ; ತೂಕದ ಅಂಕಿ ನೋಡುವ ಕೋಣೆ ಮಹಡಿಯ ಮೇಲೆ. ಜೊತೆಗೆ ಮುದ್ರೆಯಣ್ಣ. ಸರಿಯಾದ ತಕ್ಕಡಿಗೆ ಸೀಸದ ಬಿಲ್ಲೆ ಒತ್ತಿ ಅದರ ಮೇಲೆ ಸರಕಾರದ ಮುದ್ರೆ ಹೊಡೆಯುವುದು ಅವರ ಕೆಲಸ, ಮಾರ್ಕೆಟ್ಟಿನವರು ಇಟ್ಟ ಹೆಸರು ಅದು. ರಿಜಿಸ್ಟರಿನ ಹೆಸರು ಕಚೇರಿಯಲ್ಲೂ ಯಾರಿಗೂ ನೆನಪಿಲ್ಲ. ಅವನಿಗಿಂತ ಏಳು ವರ್ಷ ದೊಡ್ಡವರು, ನಿವೃತ್ತಿಗೆ ಎರಡು ವರ್ಷ ಇದ್ದವರು. ಮುದ್ರೆಯ ಅಚ್ಚುಗಳಿದ್ದ ಕ್ಯಾನ್ವಾಸ್ ಚೀಲ ಕಾರಿನ ಹಿಂದಿನ ಸೀಟಿನಲ್ಲಿತ್ತು. ಅವನು ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ, ಅಮ್ಮ ನೂಕಿದಂತಾಗಿ ತಿರುಗಿ ಬಂದು, ಒಮ್ಮೆ ಗಟ್ಟಿಯಾಗಿ ಜಗ್ಗಿ ಹೋದ. ಬಿಸಿಲು ಹೇಗಿತ್ತೆಂದರೆ ಕಾರಿನ ದೀಪ ಮಿನುಗಿದ್ದರೂ ಕಾಣುವಂತಿರಲಿಲ್ಲ. ಮುಕ್ಕಾಲು ಗಂಟೆಯ ನಂತರ ತೂಕ ಸರಿಬಂತು. "ಅಚ್ಚಿನ ಚೀಲ ತನ್ನಿ," ಎಂದು ಮುದ್ರೆಯಣ್ಣನನ್ನು ಕೆಳಗೆ ಕಳಿಸಿದ. ಸಾಮಾನು ತರಲು ಅನುಕೂಲವಾಗಲಿ ಎಂದು ಎರಡನೆಯ ಕೀಲಿಯನ್ನು ಅವರಿಗೇ ಕೊಟ್ಟಿದ್ದ. ಅವರು ಅದಕ್ಕೊಂದು ದಾರ ಕಟ್ಟಿ, ಬನಿಯನ್ನಿನ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಅವರು ಬರಿಗೈಯಲ್ಲಿ ಮೇಲೆ ಬಂದರು. "ಸಾರ್, ಚೀಲ ಇಲ್ಲ," ಅಂದರು. ಅವರ ಮುಖ ನೋಡಿ ಅವನಿಗೆ ಮೊದಲು ಬಂದದ್ದು ಸಿಟ್ಟು, ಮರುಕ್ಷಣ ಬಂದದ್ದು ಲೆಕ್ಕ. ಕಾರು ಭದ್ರ. ಕೀಲಿ ಎರಡು. ಒಂದು ತನ್ನ ಜೇಬಿನಲ್ಲಿ, ಮೇಲೆ, ನಾಲ್ಕು ಜನರ ಎದುರು. ಇನ್ನೊಂದು? ಸರಕಾರದ ಅಚ್ಚು ಕೈಗೆ ಸಿಕ್ಕರೆ ಯಾವ ಖೋಟಾ ತಕ್ಕಡಿಯಾದರೂ ಸಾಚಾ ಆಗುತ್ತದೆ. ಅದರ ಬೆಲೆ ದಾರಿಹೋಕ ಕಳ್ಳನಿಗೆ ಗೊತ್ತಿರುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಮೇಲಿನವರು ಅಂದಾಗ ಅವನು ಬೇಡ ಅನ್ನಲಿಲ್ಲ. ಅವನು ಯಾರನ್ನೂ ದೂರಲೂ ಇಲ್ಲ. "ವಾಹನಕ್ಕೆ ಬೀಗ ಹಾಕಿ, ಎಳೆದು ಖಚಿತಪಡಿಸಿಕೊಂಡು ಮೇಲೆ ಹೋದೆನು," ಎಂದಷ್ಟೇ ಬರೆದುಕೊಟ್ಟ. ಆ ವಾಕ್ಯದ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು. ತನ್ನ ಹಾಗೆ ಎಷ್ಟು ಜನ ಎಳೆದು ನೋಡಿಯಾರು? ಮಾರನೆಯ ದಿನ ಮುದ್ರೆಯಣ್ಣ ಅಮಾನತಾದರು.

ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಸಿಗ್ನಲ್ ಹಸಿರಾಗಿ ಎಷ್ಟು ಹೊತ್ತಾಗಿತ್ತೋ.

ಹೆಂಡತಿ ಹೇಳಿದಳೆಂದು ನಂಬಿಬಿಡುವುದಕ್ಕೆ ಅವಳೇನು ಮೆಕ್ಯಾನಿಕ್ಕೇ, ಎಂದುಕೊಂಡ. ಪರೀಕ್ಷೆ ಮಾಡದೆ ಯಾವುದನ್ನೂ ಒಪ್ಪಬಾರದು, ಕಸುಬಿನ ಧರ್ಮ. ಆದರೆ ಕಚೇರಿಯ ಅಂಗಳದಲ್ಲಿ ಕಾರು ನಿಲ್ಲಿಸಿ ಇಳಿದಾಗ ಗೊತ್ತಾಯಿತು, ಈ ಪರೀಕ್ಷೆಯನ್ನು ಒಬ್ಬನೇ ಮಾಡಲಿಕ್ಕೆ ಬರುವುದಿಲ್ಲ. ಕೀಲಿ ಜೇಬಿನಲ್ಲಿಟ್ಟುಕೊಂಡು ಎಳೆದರೆ ಅದು ಹೇಗಿದ್ದರೂ ತೆರೆಯುತ್ತದೆ; ಹಾಕಿತ್ತೋ ಇಲ್ಲವೋ ತಿಳಿಯುವಂತಿಲ್ಲ. ಅವನಿದ್ದಲ್ಲಿ ಕಾರಿಗೆ ಬೀಗವೇ ಇಲ್ಲ. ಅವನು ಇಲ್ಲದಾಗ ಇರಬಹುದು, ಆದರೆ ಅದನ್ನು ನೋಡುವುದಕ್ಕೆ ಅವನು ಇರುವುದಿಲ್ಲ. ಬೀಗ ಹಾಕಿ, ಒಮ್ಮೆ ಜಗ್ಗಿ, ಕೀಲಿಯನ್ನು ದೂರದ ಕಾಂಪೌಂಡ್ ಗೋಡೆಯ ಮೇಲಿಟ್ಟು ಬರೋಣವೆಂದರೆ ಅಲ್ಲೊಂದು ಕಾಗೆ ಕೂತು ಅವನನ್ನೇ ನೋಡುತ್ತಿತ್ತು. ಹಾಳಾದ್ದು, ಹೊಳೆಯುವುದನ್ನು ಕಂಡರೆ ಬಿಡುವುದಿಲ್ಲ. ಕೊನೆಗೆ ಬೀಗ ಹಾಕಿ, ಒಮ್ಮೆ ಜಗ್ಗಿ, ಪಾತ್ರೆ ತೊಳೆದ ನೀರು ಚೆಲ್ಲಲು ಹೊರಗೆ ಬಂದಿದ್ದ ಕ್ಯಾಂಟೀನಿನ ಅಕ್ಕನನ್ನು ಕರೆದ.

"ಅಕ್ಕಾ, ಇದನ್ನ ಸ್ವಲ್ಪ ಹಿಡ್ಕೊಂಡು ಗೇಟಿನ ತನಕ ಹೋಗಿ ನಿಂತ್ಕೋತೀರಾ?"

ಅವಳು ಕೈ ಒರೆಸಿಕೊಂಡು ಕೀಲಿಯನ್ನು ಎರಡು ಬೆರಳಲ್ಲಿ, ಇಲಿಯ ಬಾಲ ಹಿಡಿದಂತೆ ಹಿಡಿದಳು. "ಸಿಡಿಯಲ್ಲ ತಾನೆ ಸಾಹೇಬ್ರೆ?"

"ಸಿಡಿಯಲ್ಲ."

"ಅಲ್ಲಿ ಹೋಗಿ ಏನ್ ಮಾಡ್ಲಿ?"

"ಏನೂ ಮಾಡ್ಬೇಡಿ. ಸುಮ್ನೆ ನಿಂತಿರಿ."

"ಇಷ್ಟು ಸುಖದ ಕೆಲಸ ನನಗೆ ಯಾರೂ ಕೊಟ್ಟಿರ್ಲಿಲ್ಲ," ಎಂದು ಅವಳು ನಗುತ್ತ ಗೇಟಿನ ತನಕ ಹೋಗಿ ನಿಂತಳು. ಅವನು ಹಿಡಿಗೆ ಕೈ ಹಾಕಿದ. ಬಾರದಿರಲಿ, ಬಾರದಿರಲಿ ಎಂದು ಯಾವುದೋ ಒಂದು ಪ್ರಾರ್ಥನೆ ಎದೆಯಲ್ಲಿ ನಡೆದಿತ್ತು. ಬಾಗಿಲು ಬೆಣ್ಣೆಯಂತೆ ತೆರೆದುಕೊಂಡಿತು. ಒಳಗಿನಿಂದ ಅವನದೇ ಕಾರಿನ ವಾಸನೆ ಬಂತು. ಹತ್ತು ಗಂಟೆ ಐದು ನಿಮಿಷ. ಕ್ಯಾಂಟೀನಿನ ಅಕ್ಕ ಕೀಲಿ ವಾಪಸ್ ಕೊಡುತ್ತ, "ಪಾಪ, ಮುದ್ರೆಯಣ್ಣ ಬಂದು ಒಳಗೆ ಬೆಂಚಿನ ಮೇಲೆ ಕೂತಿದಾರೆ. ಮೂರು ಗಂಟೆಗೆ ಅಂತೆ, ಈಗ್ಲೇ ಬಂದಿದಾರೆ. ಚಾ ಕೊಟ್ರೂ ಬೇಡ ಅಂದ್ರು," ಅಂದಳು.

ಕಚೇರಿಗೆ ಒಂದೇ ಕಾರಿಡಾರು, ಕಾರಿಡಾರಿಗೆ ಒಂದೇ ಬೆಂಚು, ಬೆಂಚಿನ ಮುಂದೆ ಹಾಯದೆ ಅವನ ಮೇಜಿಗೆ ಹೋಗುವಂತಿಲ್ಲ. ಮುದ್ರೆಯಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಅಂಗಿಯ ಕಾಲರು ಸಡಿಲವಾಗಿತ್ತು. ಹತ್ತೊಂಬತ್ತು ದಿನದಲ್ಲಿ ಕುತ್ತಿಗೆ ಅಷ್ಟು ತೆಳ್ಳಗಾಗುತ್ತದೆಯೇ? ಅವನನ್ನು ಕಂಡು ಎದ್ದು ನಿಂತರು. ಕೂತ್ಕೊಳ್ಳಿ ಎಂದು ಅವನು ಕೈ ಆಡಿಸಿದ. ಹೇಳಲೇಬೇಕೆಂದು ಇದ್ದಿದ್ದರೆ ಆಗ ಹೇಳಬಹುದಿತ್ತು. ಒಂದು ವಾಕ್ಯ ಸಾಕಿತ್ತು. ಆದರೆ ಕಾರಿಡಾರಿನಲ್ಲಿ ಟೈಪಿಸ್ಟು ಇದ್ದ, ಬಾಗಿಲಲ್ಲಿ ಇನ್ಯಾರೋ ಇದ್ದರು, ಅಲ್ಲದೆ ಇಂಥ ವಿಷಯವನ್ನು ಮೊದಲು ಯೋಚಿಸಿ ಆಮೇಲೆ ಹೇಳಬೇಕು. ಅವನು ಮೇಜಿನ ಮುಂದೆ ಕೂತು ಯೋಚಿಸಲು ತೊಡಗಿದ. ಯೋಚನೆಗೆ ವಿಷಯ ಬೇಕಷ್ಟಿತ್ತು. ಕಾಯಿದೆ ಪ್ರತಿಯೊಂದು ಅಳತೆಗೂ ಇಷ್ಟು ಹೆಚ್ಚುಕಡಿಮೆ ಎಂದು ಒಪ್ಪುತ್ತದೆ. ಒಂದು ಕಿಲೋಗೆ ಗುಲಗಂಜಿಯಷ್ಟು ವ್ಯತ್ಯಾಸವಿದ್ದರೆ ಅದು ತಪ್ಪಲ್ಲ. ಹಾಗೆ ನೋಡಿದರೆ ಅವನು ಬರೆದದ್ದರಲ್ಲಿ ಸುಳ್ಳೇನಿದೆ? ಬೀಗ ಹಾಕಿದ್ದು ನಿಜ. ಎಳೆದದ್ದು ನಿಜ. ಅದರ ಮುಂದಿನದನ್ನು ಅವನು ಬರೆದೇ ಇಲ್ಲ. ಇನ್ನೊಂದು, ಅವತ್ತೂ ಹೀಗೆಯೇ ಆಯಿತೆಂದು ಯಾರು ಕಂಡರು? ಇವತ್ತು ತೆರೆದುಕೊಂಡಿತೆಂದರೆ ಅವತ್ತೂ ತೆರೆದಿತ್ತೇ? ಮತ್ತೊಂದು, ಮುದ್ರೆಯಣ್ಣ ನಿಜಕ್ಕೂ ತೆಗೆದಿದ್ದರೆ? ಈ ಮತ್ತೊಂದು ಬಂದಾಗ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಹೇಸಿಗೆಯಾದರೂ ಆ ಯೋಚನೆ ಎದ್ದು ಹೋಗಲಿಲ್ಲ, ಬಂದ ನೆಂಟನಂತೆ ಕಾಲು ಚಾಚಿ ಕೂತಿತು. ತನ್ನ ಮೇಲೆ ಏನು ಬರಬಹುದು ಎಂಬುದನ್ನೂ ಅವನು ತೂಗಿ ನೋಡಿದ: ನಿರ್ಲಕ್ಷ್ಯ ಎಂಬ ಒಂದು ಶಬ್ದ, ತಡೆಹಿಡಿದ ಒಂದು ಬಡ್ತಿ, ಮಾರ್ಕೆಟ್ಟಿನ ನಗು. ಬೇರೆಯವರ ತಕ್ಕಡಿ ಹಿಡಿದವನಿಗೆ ಸ್ವಂತ ಬಾಗಿಲು ಹಾಕಲು ಬರಲಿಲ್ಲವಂತೆ. ನಿಜ ಹೇಳಬೇಕೆಂದರೆ ಬಡ್ತಿಗಿಂತ ಆ ನಗುವೇ ಹೆಚ್ಚು ತೂಗಿತು.

ಹನ್ನೊಂದೂವರೆಗೆ ಮೂತ್ರಕ್ಕೆ ಹೋಗುವಾಗ ಅವರು ಮತ್ತೆ ಎದ್ದು ನಿಂತರು, ಬರುವಾಗಲೂ ನಿಂತರು. ಅವನು ಫೋನ್ ಕಿವಿಗೆ ಹಿಡಿದುಕೊಂಡಿದ್ದ, ಆ ಕಡೆ ಯಾರೂ ಇರಲಿಲ್ಲ. ಒಂದು ಗಂಟೆಗೆ ಡಬ್ಬಿ ಹಿಡಿದು ಹೊರಟಾಗ ಮುದ್ರೆಯಣ್ಣ, "ಊಟಕ್ಕಾ ಸಾರ್?" ಅಂದರು. ಹದಿನಾಲ್ಕು ವರ್ಷ ಅವರಿಬ್ಬರೂ ಕಾರಿನ ಬಾನೆಟ್ಟಿನ ಮೇಲೆ ಡಬ್ಬಿ ಬಿಚ್ಚಿಟ್ಟು ಒಟ್ಟಿಗೆ ಉಂಡವರು. ಅವರ ಉಪ್ಪಿನಕಾಯಿ ಇವನಿಗೆ, ಇವನ ಮೊಸರು ಅವರಿಗೆ. "ಹ್ಞೂಂ," ಅಂದ. "ನಿಮ್ಮದು?" "ನನಗೆ ಇವತ್ತು ಸೇರಲ್ಲ ಸಾರ್. ನೀವು ಮಾಡಿ." ಅವನು ಕಾರಿನೊಳಗೆ ಕೂತು ಡಬ್ಬಿಯ ಮುಚ್ಚಳ ತೆಗೆದ. ಎರಡು ತುತ್ತು ಇಳಿಯಿತು. ಮೂರನೆಯದನ್ನು ಬಾಯಲ್ಲಿಟ್ಟುಕೊಂಡೇ ತುಂಬ ಹೊತ್ತು ಕೂತಿದ್ದ. ಹೆಂಡತಿಯ ಮೆಸೇಜು ಬಂದಿತ್ತು: ಹೇಳಿದ್ರಾ? ಅವನು ಫೋನು ಜೇಬಿಗೆ ಹಾಕಿದ. ಇಳಿದು ಬೀಗ ಹಾಕಿದ, ನಾಲ್ಕು ಹೆಜ್ಜೆ ಹೋದ, ಕೈ ತಾನಾಗಿ ಹಿಂದಕ್ಕೆ ಎಳೆಯಿತು. ಎಳೆಯದೆ ಹೋಗುವುದು ಎಷ್ಟು ಕಷ್ಟವೆಂದರೆ ಮೆಟ್ಟಿಲ ತನಕ ಬೆನ್ನು ಉರಿಯುತ್ತಿತ್ತು. ಒಳಗೆ ಹೋಗುವಾಗ ಬೆಂಚಿನ ಕಡೆ ನೋಡಲಿಲ್ಲ. ಅವರು ಎದ್ದು ನಿಂತ ಸದ್ದು ಮಾತ್ರ ಕೇಳಿಸಿತು.

ವಿಚಾರಣೆಗೆ ಬಂದ ಮೇಲಧಿಕಾರಿ ಹೆಂಗಸಿಗೆ ನೆಗಡಿಯಾಗಿತ್ತು. ಎದುರಿಗೆ ಕಡತ, ಕಡತದ ಪಕ್ಕ ಅರ್ಧ ಡಜನ್ ಮಡಿಸಿದ ಕರವಸ್ತ್ರ. ಎರಡನೆಯ ಕೀಲಿಯನ್ನು ದಾರದ ಸಮೇತ ಒಂದು ಲಕೋಟೆಯಲ್ಲಿ ಹಾಕಿ ಅರಗು ಒತ್ತಿ ಇಟ್ಟಿದ್ದರು. ಟೈಪಿಸ್ಟು ಮೂಲೆಯಲ್ಲಿ ಕೂತಿದ್ದ. ಆಕೆ ಅವನ ಹೇಳಿಕೆಯನ್ನು ಮೂಗಿನಲ್ಲೇ ಓದಿದರು. "ಬೀಗ ಹಾಕಿ, ಎಳೆದು ಖಚಿತಪಡಿಸಿಕೊಂಡು... ಇದು ಸರಿ ತಾನೆ?"

"ಬರೆದಿರೋದು ನಾನೇ," ಅಂದ. ಅದು ಕೇಳಿದ ಪ್ರಶ್ನೆಗೆ ಉತ್ತರವಲ್ಲ ಎಂದು ಅವನಿಗೆ ಗೊತ್ತಿತ್ತು. ಆಕೆಗೆ ಗೊತ್ತಾಗಲಿಲ್ಲ, ಅಥವಾ ಸೀನು ಬಂದದ್ದರಿಂದ ಬಿಟ್ಟರು.

ಆಕೆ ಮುದ್ರೆಯಣ್ಣನ ಕಡೆ ತಿರುಗಿದರು. ಕೆಟ್ಟ ಹೆಂಗಸಲ್ಲ. "ನೀವು ಕೆಳಗೆ ಹೋದಾಗ ಕಾರು ಲಾಕ್ ಆಗಿತ್ತಾ?"

"ಗೊತ್ತಾಗಲ್ಲ ಮೇಡಂ. ನನ್ನ ಹತ್ರಾನೂ ಕೀ ಇತ್ತಲ್ಲ. ಮುಟ್ಟಿದ್ರೆ ಅದು ಓಪನ್ ಆಗೇ ಆಗುತ್ತೆ. ಮೊದ್ಲೇ ಓಪನ್ ಇತ್ತೋ, ನನಗೆ ಓಪನ್ ಆಯ್ತೋ, ತಿಳಿಯೋಕೆ ದಾರಿ ಇಲ್ಲ."

"ಹಾಗಾದ್ರೆ ಇವರು ಲಾಕ್ ಮಾಡೋದನ್ನ ಮರೆತಿರಬಹುದು, ಅಲ್ವಾ? ಬಿಸಿಲು, ಅವಸರ, ಕೈತುಂಬ ಸಾಮಾನು. ನಿಮಗೆ ಹಾಗೇನಾದ್ರೂ ಅನಿಸಿದ್ರೆ ಹೇಳಿ. ಹೆದರಬೇಡಿ."

ಅದು ತೆರೆದಿಟ್ಟ ಬಾಗಿಲು; ತಲೆ ಬಗ್ಗಿಸಿ ಹೊರಗೆ ಹೋಗಿಬಿಡಬಹುದಿತ್ತು. ಹೂಂ ಅನ್ನಿ, ಅನ್ನಿ ಎಂದು ಅವನು ಮನಸ್ಸಿನಲ್ಲೇ ಅವರನ್ನು ತಳ್ಳಿದ. ಅವರೇ ಅಂದುಬಿಟ್ಟರೆ ತಾನು ಸುಮ್ಮನಿರಬಹುದು, ಬಹುಶಃ ಮರೆತಿರಬಹುದು ಮೇಡಂ ಎಂದು ದೊಡ್ಡತನದಿಂದ ಒಪ್ಪಬಹುದು, ಎಳೆದ ವಿಷಯ ಎತ್ತುವುದೇ ಬೇಡ. ಮುದ್ರೆಯಣ್ಣ ಅವನ ಕಡೆ ಒಮ್ಮೆ ನೋಡಿದರು.

"ಇಲ್ಲ ಮೇಡಂ," ಅಂದರು. "ಸಾಹೇಬ್ರು ಮರೆಯೋರಲ್ಲ. ಹದಿನಾಲ್ಕು ವರ್ಷ ಜೊತೆಗೆ ಓಡಾಡಿದೀನಿ, ಒಂದು ದಿನ ಮರೆತಿಲ್ಲ. ಅವತ್ತೂ ಲಾಕ್ ಮಾಡಿ ನಾಲ್ಕು ಹೆಜ್ಜೆ ಬಂದ್ರು, ಮತ್ತೆ ವಾಪಸ್ ಹೋಗಿ ಎಳೆದು ನೋಡಿದ್ರು. ನಾನು ಪಕ್ಕದಲ್ಲೇ ನಿಂತಿದ್ದೆ. ಕಣ್ಣಾರೆ ನೋಡಿದೀನಿ."

"ನೀವು ಹೀಗೆ ಹೇಳಿದ್ರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತೆ ಗೊತ್ತಾ ನಿಮಗೆ?"

"ಗೊತ್ತು ಮೇಡಂ. ಚೀಲ ನಾನು ತೆಗೆದಿಲ್ಲ. ಹಾಗಂತ ಅವರು ಎಳೆದಿದ್ದನ್ನ ಎಳೆದಿಲ್ಲ ಅಂತ ಹೇಗೆ ಹೇಳ್ಲಿ?"

ಮೂಲೆಯಲ್ಲಿ ಟೈಪಿಸ್ಟನ ಬೆರಳುಗಳು ಓಡಲು ಶುರುವಾದವು. ಅವನಿಗೆ ತುಂಬ ನಾಚಿಕೆಯಾಯಿತು. ಆದರೆ ಬಾಯಿ ಬಿಡಿಸಿದ್ದು ಬರೀ ನಾಚಿಕೆಯಲ್ಲ, ಅದಕ್ಕಿಂತ ಸಣ್ಣ ಒಂದು ಸಂಗತಿ: ಸರಿಯಾದ ಅಳತೆಯಿಂದ ತಪ್ಪು ಲೆಕ್ಕ ಹೊರಡುವುದನ್ನು ಕಂಡು ಸುಮ್ಮನಿದ್ದು ಇಪ್ಪತ್ತಾರು ವರ್ಷದಲ್ಲಿ ಅವನಿಗೆ ಅಭ್ಯಾಸವಿರಲಿಲ್ಲ.

"ಎಳೆದಿದ್ದಕ್ಕೇ ಓಪನ್ ಆಯ್ತು," ಅಂದ.

ಆಕೆ ಕರವಸ್ತ್ರ ಇಳಿಸಿದರು. ಅವನು ಮತ್ತೊಮ್ಮೆ ಹೇಳಬೇಕಾಯಿತು, ಇನ್ನೂ ಒಮ್ಮೆ ಬಿಡಿಸಿ ಹೇಳಬೇಕಾಯಿತು. ಜಾಣತನ ಬಂದ್ ಮಾಡಿಸಿದ್ದು, ಬೀಪ್ ನಿಲ್ಲಿಸಿದ್ದು, ಒಂದೇ ಸಲ ಜಗ್ಗುವುದು. ಹೇಳುತ್ತ ಹೇಳುತ್ತ ಅದು ಕಟ್ಟಿದ ಕತೆಯಂತೆ ಅವನಿಗೇ ಕೇಳಿಸತೊಡಗಿತು. ಕಾಗದದ ಮೇಲೆ ಇದು ಅರ್ಥವಾಗುವುದಿಲ್ಲ, ತೋರಿಸಿ, ಎಂದು ಆಕೆ ಎದ್ದರು.

ಎಲ್ಲರೂ ಅಂಗಳಕ್ಕೆ ಬಂದರು. ಎಲ್ಲರೂ ಅಂದರೆ ಕರೆಯದವರೂ. ಕ್ಯಾಂಟೀನಿನ ಅಕ್ಕ ಸೌಟು ಹಿಡಿದುಕೊಂಡೇ ಬಂದಳು. ಅವನು ಗುಂಡಿ ಒತ್ತಿ ಬೀಗ ಹಾಕಿದ. ನಾಲ್ಕು ಹೆಜ್ಜೆ ಹೋದ. ತಿರುಗಿ ಬಂದು ಜಗ್ಗಿದ. ದಿನಾ ತನಗೆ ತಾನೇ ಮಾಡಿಕೊಳ್ಳುತ್ತಿದ್ದುದನ್ನು ಇಷ್ಟು ಜನರೆದುರು ಮಾಡಿದಾಗ, ಸ್ನಾನದ ಮನೆಯಲ್ಲಿ ಹಾಡುವವನನ್ನು ವೇದಿಕೆಗೆ ತಂದು ನಿಲ್ಲಿಸಿದ ಹಾಗಾಯಿತು. ಬಾಗಿಲು ಬರಲಿಲ್ಲ. "ಲಾಕ್ ಆಗಿದೆಯಲ್ಲ!" ಎಂದು ಯಾರೋ ಅಂದರು. ಅವನು ಗೇಟಿನ ತನಕ ಹೋಗಿ, ಕಾಲು ಜೋಡಿಸಿ ನಿಂತ. ಅಲ್ಲಿಂದ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ನಿಮ್ಮ ಹತ್ರ ಈಗ ಕೀ ಇಲ್ಲವಲ್ಲ," ಎಂದು ಆಕೆ ಮುದ್ರೆಯಣ್ಣನಿಗೆ ಅಂದರು. "ನೀವೇ ಎಳೆದು ನೋಡಿ."

ಮುದ್ರೆಯಣ್ಣ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು.

"ಬೇರೆ ಯಾರಾದ್ರೂ ಎಳೀಲಿ ಮೇಡಂ."

"ಯಾಕೆ?"

"ನಾನು ಎಳೆದು ಅದು ಓಪನ್ ಆದ್ರೆ, ಇವನಿಗೆ ಕೀ ಇಲ್ದೇನೂ ಓಪನ್ ಮಾಡೋಕೆ ಬರುತ್ತೆ ಅಂತ ಆಗುತ್ತೆ."

ಯಾರೂ ನಗಲಿಲ್ಲ. ಅವರು ತಮಾಷೆಗೆ ಅಂದದ್ದೂ ಅಲ್ಲ. ಹದಿನೆಂಟು ದಿನ ಮನೆಯಲ್ಲಿ ಕೂತು ಇಂಥದ್ದನ್ನೆಲ್ಲ ಕಲಿತಿದ್ದರು. ಆಕೆ ಮೂಗು ಒರೆಸಿಕೊಂಡು, ತಾವೇ ಹೋಗಿ ಹಿಡಿಗೆ ಕೈ ಹಾಕಿದರು. ಬಾಗಿಲು ಅಗಲವಾಗಿ ತೆರೆದುಕೊಂಡಿತು. ಹಿಂದಿನ ಸೀಟಿನಲ್ಲಿ ಬಟ್ಟಿನ ಪೆಟ್ಟಿಗೆ, ಅರ್ಧ ಉಂಡ ಡಬ್ಬಿ. "ಬರ್ಕೊಳ್ಳಿ," ಎಂದು ಆಕೆ ಟೈಪಿಸ್ಟಿಗೆ ಹೇಳಿ ಒಳಗೆ ನಡೆದರು. ಚೀಲ ಸಿಗಲಿಕ್ಕಿಲ್ಲ, ಅದು ಬೇರೆ ವಿಷಯ; ಅಮಾನತು ಈ ವಾರವೇ ತೆರವಾಗುತ್ತದೆ, ಇನ್ಸ್‌ಪೆಕ್ಟರರ ವಿಚಾರ ಆಮೇಲೆ ನೋಡೋಣ ಎಂದು ಹೋಗುತ್ತ ಅವನಿಗೂ ಕೇಳುವಂತೆ ಅಂದರು. ಗುಂಪು ಕರಗಿತು. ತೆರೆದ ಬಾಗಿಲನ್ನು ಯಾರೂ ಹಾಕಲಿಲ್ಲ.

ಮುದ್ರೆಯಣ್ಣ ಗೇಟಿನ ಕಡೆ ನಡೆದು ಬಂದರು. ಬಸ್ಸಿಗೆ ಆ ಕಡೆಯೇ ಹೋಗಬೇಕು. ಅವನು ದಾರಿಗೆ ಅಡ್ಡ ನಿಂತಂತಿದ್ದ. ಕ್ಷಮಿಸಿ ಅನ್ನಬೇಕೆಂದುಕೊಂಡ. ಅದಕ್ಕಿಂತ ಮೊದಲು ಅವರೇ ಮಾತಾಡಿದರು.

"ಸಾರ್, ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಇವತ್ತು," ಅಂದ. "ಮನೇಲಿ ಹೇಳಿದ್ಲು. ಏಳೂವರೆ ಇರಬಹುದು."

"ಬೆಳಿಗ್ಗೆ."

"ಹ್ಞೂಂ. ಬೆಳಿಗ್ಗೆ."

ಮುದ್ರೆಯಣ್ಣ ತಲೆಯಾಡಿಸಿದರು. ಬಿಳಿ ಅಂಗಿಯ ಬೆನ್ನು ಬೆಂಚಿಗೆ ಒರಗಿ ಒರಗಿ ಮುದುಡಿತ್ತು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಮರೆತ ಯಾವುದೋ ವಿವರವನ್ನು ಸೇರಿಸುವವರಂತೆ ಹೇಳಿದರು.

"ನಾನು ಹತ್ತು ಗಂಟೆಯಿಂದ ಅಲ್ಲೇ ಕೂತಿದ್ದೆ ಸಾರ್."